ಬೆಕ್ಕಿನ ಗದ್ದದ ಮೊಡವೆ: ಗುರುತು ಮತ್ತು ಆರೈಕೆ

ಅಡಿಕೆಯ ಕೊಳೆರೋಗ, ಕಾಫಿಯ ಕಾಂಡಕೊರಕಗಳ ನಡುವೆ ಬೆಕ್ಕಿನ ವಿಷಯವೇಕೆಂದು ಕೆಲವು ಸದಸ್ಯರಿಗೆ ಅನಿಸೀತು. ಆದರೆ ಅಟ್ಟದ ಮೇಲೆ ಚಾಲಿಯ ಮೂಟೆ ಇಟ್ಟುಕೊಳ್ಳುವ ನಮ್ಮ ಮನೆಗಳಲ್ಲಿ ಇಲಿಗಳನ್ನು ಅಂಕೆಯಲ್ಲಿಡುವ ಪ್ರಾಣಿ ಅದೊಂದೇ. ಕಾಸರಕೋಡದಂತೆ ಮೀನು ಸಿಗುವ ಊರುಗಳಲ್ಲಂತೂ ಮನೆಗೆ ಮೂರು ನಾಲ್ಕು ಇರುತ್ತವೆ.

ಬೆಕ್ಕಿನ ಕೆಳತುಟಿಯ ಕೆಳಗೆ, ಗದ್ದದ ಮೇಲೆ ಕಾಫಿ ಪುಡಿ ಉದುರಿದಂತೆ ಕರಿಯ ಕಾಳುಗಳು ಕಂಡರೆ, ಒರೆಸಿದರೂ ಅವು ಹೋಗದಿದ್ದರೆ, ಅದು ಬಹುಮಟ್ಟಿಗೆ ಗದ್ದದ ಮೊಡವೆ. ಕಪ್ಪು ಬೆಕ್ಕಿನಲ್ಲಿ ಇದು ಕಣ್ಣಿಗೆ ಕಾಣದು. ಬೆರಳಾಡಿಸಿದರೆ ರವೆಯಂತೆ ತಾಗುತ್ತದೆ. ಬೆಕ್ಕು ಬಾಗಿಲ ಚೌಕಟ್ಟಿಗೆ, ನಮ್ಮ ಕಾಲಿಗೆ ಗದ್ದ ತಿಕ್ಕುವುದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ಜಿಡ್ಡು ಸುರಿಸುವ ಗ್ರಂಥಿಗಳು ಹೆಚ್ಚು. ಅದರ ವಾಸನೆಯಿಂದ ಬೆಕ್ಕು ತನ್ನ ಎಲ್ಲೆಯನ್ನು ಗುರುತಿಸಿಕೊಳ್ಳುತ್ತದೆ. ಆ ಜಿಡ್ಡೂ ಸತ್ತ ಚರ್ಮದ ಪುಡಿಯೂ ಕೂದಲ ಬುಡದಲ್ಲಿ ಸೇರಿ ಕಟ್ಟಿಕೊಂಡರೆ ಕರಿ ಚುಕ್ಕೆಯಾಗುತ್ತದೆ. ಯಾವ ವಯಸ್ಸಿನ ಬೆಕ್ಕಿಗೂ ಇದು ಬರಬಹುದು.

ಚಿಗಟದ ಹಿಕ್ಕೆಯೂ ಹೀಗೆಯೇ ಕರಿ ಪುಡಿಯಂತೆ ಕಾಣುವುದರಿಂದ ಒಂದು ಪರೀಕ್ಷೆ ಮಾಡಿ. ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲಿಟ್ಟು ಒತ್ತಿದಾಗ ಕೆಂಪು-ಕಂದು ಬಣ್ಣ ಹರಡಿದರೆ ಅದು ಚಿಗಟದ್ದು. ಕೂದಲು ಉದುರಿ ದುಂಡನೆಯ ಹೊಟ್ಟೆದ್ದ ಕಲೆಯಾಗಿದ್ದರೆ ಗಜಕರ್ಣವಿರಬಹುದು. ಅದು ಮನುಷ್ಯರಿಗೂ ಅಂಟುತ್ತದೆ, ಮಕ್ಕಳನ್ನು ದೂರವಿಡಿ. ದವಡೆಯ ಒಂದೇ ಪಕ್ಕ ಊದಿ ಬಾಯಿ ನಾರುತ್ತಿದ್ದರೆ ಹಲ್ಲನ್ನು ಸಂಶಯಿಸಬೇಕು.

ಬರೀ ಕರಿ ಚುಕ್ಕೆಗಳಿದ್ದು ಬೆಕ್ಕು ಆರಾಮವಾಗಿದ್ದರೆ ಗಾಬರಿ ಬೇಡ. ಮೊದಲು ಅದರ ತಟ್ಟೆಯನ್ನು ನೋಡಿ. ಎಷ್ಟೋ ಮನೆಗಳಲ್ಲಿ ಹಳೆಯ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವೇ ಬೆಕ್ಕಿನ ತಟ್ಟೆ. ಅದರ ಗೀರುಗಳಲ್ಲಿ ಮೀನಿನ ಜಿಡ್ಡು ಉಳಿದು ರೋಗಾಣು ಬೆಳೆಯುತ್ತದೆ. ದಿನಕ್ಕೆ ನಾಲ್ಕು ಸಲ ಗದ್ದ ಅದಕ್ಕೇ ತಾಗುತ್ತದೆ. ಮೊಡವೆಗೆ ಇದೊಂದೇ ಕಾರಣವೆಂದು ಹೇಳಲಾಗದು. ಆದರೂ ಸ್ಟೀಲಿನ ತಟ್ಟೆಗೆ ಬದಲಿಸಿ ದಿನವೂ ಸೋಪಿನಲ್ಲಿ ತೊಳೆಯುವುದಕ್ಕೆ ಖರ್ಚೇನೂ ಇಲ್ಲ. ಅಡಿಕೆ ಹಾಳೆಯ ತುಂಡಿನಲ್ಲಿ ಹಾಕಿ ಅಂದೇ ಎಸೆದರೂ ಆದೀತು. ಜೊತೆಗೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯನ್ನು ದಿನಕ್ಕೆ ೨ ಸಲ, ೫ ನಿಮಿಷ ಗದ್ದಕ್ಕೆ ಒತ್ತಿ ಹಿಡಿಯಿರಿ. ಚುಕ್ಕೆಗಳನ್ನು ಹಿಚುಕಬಾರದು, ಉಗುರಿನಿಂದ ಕೆರೆಯಬಾರದು. ಒಳಗೆ ಒಡೆದರೆ ಕೀವಾಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಜಿಡ್ಡಿನ ಮೇಲೆ ಜಿಡ್ಡು ಅಷ್ಟೆ.

ನಾವು ಇದನ್ನು ಬರೆಯಲು ಮುಖ್ಯ ಕಾರಣ ಬೇರೆ. ಮೊಡವೆಯಿಂದ ಬೆಕ್ಕು ಸಾಯುವುದಿಲ್ಲ, ನಮ್ಮ ಕಪಾಟಿನ ಶೀಸೆಯಿಂದ ಸಾಯಬಹುದು. ಫಿನಾಯಿಲ್, ಡೆಟಾಲ್‌ನಂಥವುಗಳಲ್ಲಿರುವ ಫೀನಾಲ್ ಜಾತಿಯ ವಸ್ತುಗಳನ್ನು ಬೆಕ್ಕಿನ ಯಕೃತ್ತು ನಮ್ಮಂತೆ ಅರಗಿಸಿ ಹೊರಹಾಕಲಾರದು. ಗದ್ದಕ್ಕೆ ಹಚ್ಚಿದ್ದನ್ನು ಅದು ಪಂಜದಿಂದ ಒರೆಸಿ ನೆಕ್ಕಿಯೇ ನೆಕ್ಕುತ್ತದೆ. ನಾಯಿಯ ಉಣ್ಣೆಗೆ ತಂದ ಪರ್ಮೆಥ್ರಿನ್ ಬೆಕ್ಕಿಗೆ ನಡುಕ, ಸೆಳವು ಬರಿಸುತ್ತದೆ. ದನದ ಉಣ್ಣೆಯ ಔಷಧವೂ ಬೇಡ. ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತವನ್ನು ಹುಣ್ಣಿಗೆ ಹಚ್ಚುವ ಹಳೆಯ ರೂಢಿಯನ್ನು ಬೆಕ್ಕಿನ ಮೇಲೆ ಪ್ರಯೋಗಿಸಬೇಡಿ. ನೋವಿದೆಯೆಂದು ಪ್ಯಾರಸಿಟಮಾಲ್ ಕೊಡುವುದಂತೂ ಎಲ್ಲಕ್ಕಿಂತ ಕೆಟ್ಟದ್ದು: ೫೦೦ ಮಿಲಿಗ್ರಾಂನ ಒಂದೇ ಮಾತ್ರೆ ಸಾಕು, ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಒಸಡು ಕಂದಾಗಿ ಬೆಕ್ಕು ಸಾಯುತ್ತದೆ.

ಗದ್ದ ಕೆಂಪಾಗಿ ಊದಿದರೆ, ಕೀವು ಅಥವಾ ರಕ್ತ ಬಂದರೆ, ಬೆಕ್ಕು ತಿನ್ನುವುದನ್ನು ಬಿಟ್ಟರೆ, ಇಲ್ಲವೇ ಎರಡು ಮೂರು ವಾರಗಳಾದರೂ ಇಳಿಯದಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ಅವರು ತೊಳೆಯಲು ಕ್ಲೋರ್‌ಹೆಕ್ಸಿಡಿನ್, ಹಚ್ಚಲು ಮುಪಿರೋಸಿನ್ ಮುಲಾಮು, ಬೇಕಾದರೆ ಹೊಟ್ಟೆಗೆ ಔಷಧ ಕೊಡಬಹುದು. ಅಂಗಡಿಯಲ್ಲಿ ಕ್ಲೋರ್‌ಹೆಕ್ಸಿಡಿನ್ ಕೇಳುವಾಗ ಸೆಟ್ರಿಮೈಡ್ ಬೆರೆತದ್ದನ್ನು ತರಬೇಡಿ, ಅದನ್ನು ನೆಕ್ಕಿದರೆ ಬೆಕ್ಕಿನ ಬಾಯಿ ಹುಣ್ಣಾದೀತು. ಆಸ್ಪತ್ರೆಗೆ ಒಯ್ಯಲು ಗೋಣಿಚೀಲಕ್ಕಿಂತ ಮುಚ್ಚಳವಿರುವ ಬುಟ್ಟಿಯೇ ಮೇಲು. ಚೀಲದಿಂದ ತೆಗೆಯುವಾಗ ಪರಚಿಸಿಕೊಳ್ಳುವವರು ವೈದ್ಯರು. ಒಮ್ಮೆ ವಾಸಿಯಾದ ಮೊಡವೆ ಮತ್ತೆ ಬರುವುದುಂಟು, ಹಾಗಾಗಿ ಸ್ಟೀಲಿನ ತಟ್ಟೆಯನ್ನು ಕಾಯಂ ಮಾಡಿರಿ.