ಕರವಾಂಗ್‌ನ ಚಳಿಗಾಲದ ಫೋಟೊ ಎಲ್ಲಿ?

ಆಸ್ಟ್ರೇಲಿಯಾದ ಪೂರ್ವ ಭಾಗದ ಹಿತ್ತಿಲುಗಳಲ್ಲಿ ಪೈಡ್ ಕರವಾಂಗ್ ಹಕ್ಕಿಗೆ ಒಳ್ಳೆಯ ಹೆಸರಿಲ್ಲ. ಬೇರೆ ಹಕ್ಕಿಗಳ ಗೂಡಿಗೆ ನುಗ್ಗಿ ಮರಿ ಎತ್ತಿಕೊಂಡು ಹೋಗುತ್ತದೆ ಎಂಬುದು ಅದರ ಮೇಲಿನ ಆರೋಪ. ಕೊಕ್ಕಿನಿಂದ ಬೋಳು ಮರಿ ಜೋತಾಡುವ ಫೋಟೊ ಅದಕ್ಕೆ ಸಾಕ್ಷಿ. ಆರೋಪ ಸುಳ್ಳಲ್ಲ. ಆದರೆ ಆ ಫೋಟೊ ವಸಂತದ್ದು. ಅದೇ ಹಕ್ಕಿ ಅದೇ ಹಿತ್ತಿಲಲ್ಲಿ ಚಳಿಗಾಲವಿಡೀ ಏನು ತಿಂದು ಬದುಕಿತು ಎಂಬುದನ್ನು ನೋಡದೆ ಅದನ್ನು ಖಳನೆನ್ನುವುದು ಅವಸರದ ತೀರ್ಪು.

ನೋಡುವುದಕ್ಕೆ ಮೊದಲು ಗುರುತು ಹಿಡಿಯಬೇಕು. ದೂರದಿಂದ ಅದು ಕಾಗೆಯೇ. ಹತ್ತಿರದಿಂದ ಕಾಣುವುದು ಹಳದಿ ಕಣ್ಣು, ಬಾಲದ ಬುಡದಲ್ಲೂ ತುದಿಯಲ್ಲೂ ಬಿಳಿ, ರೆಕ್ಕೆ ಬಿಚ್ಚಿದಾಗ ಬಿಳಿ ಮಚ್ಚೆ, ದಪ್ಪ ಕೊಕ್ಕಿನ ತುದಿಗೆ ಸಣ್ಣ ಬಾಗು. 1790ರಲ್ಲಿ ಜಾನ್ ವೈಟ್ ಅವರ ಪುಸ್ತಕದಲ್ಲಿ ಅದನ್ನು ಕಾಗೆಗಳ ಜೊತೆಗೇ ಸೇರಿಸಿದ್ದರು. ಇಂದಿನ ವರ್ಗೀಕರಣದಲ್ಲಿ ಅದು ಆರ್ಟಮಿಡೇ ಕುಟುಂಬದ್ದು. ನಮ್ಮ ತಾಳೆಮರಗಳಲ್ಲಿ ಮೈಗೆ ಮೈ ತಾಗಿಸಿ ಕೂರುವ ಬೂದು ವುಡ್‌ಸ್ವಾಲೋ ಅದರ ದೂರದ ನೆಂಟ. ಕ್ಯಾಮೆರಾಕ್ಕೂ ಈ ಹಕ್ಕಿ ತೊಡಕಿನದು. ಚೌಕಟ್ಟು ತುಂಬ ಕಪ್ಪಿದ್ದರೆ ಮೀಟರ್ ಅದನ್ನು ಕತ್ತಲೆಂದು ತಿಳಿದು ಬೆಳಕು ಹೆಚ್ಚಿಸುತ್ತದೆ. ಗರಿ ಬೂದಾಗುತ್ತದೆ, ಬಾಲದ ಬಿಳಿ ಸುಟ್ಟುಹೋಗುತ್ತದೆ. ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪ್ ಇಳಿಸಿ, ಬೆಳಗಿನ ಓರೆ ಬಿಸಿಲಲ್ಲಿ ಕಣ್ಣಿಗೆ ಫೋಕಸ್ ಮಾಡಿದರೆ ಕೊಕ್ಕಿನಲ್ಲಿರುವುದು ಏನೆಂದೂ ತಿಳಿಯುತ್ತದೆ. ನಮಗೆ ಬೇಕಾದ ಸಾಕ್ಷ್ಯ ಇರುವುದು ಅಲ್ಲೇ.

ಚಳಿಗಾಲದಲ್ಲಿ ಆ ಕೊಕ್ಕಿನಲ್ಲಿರುವುದು ಬಹುಮಟ್ಟಿಗೆ ಹಣ್ಣು. ಹಿಂದೆ ಈ ಹಕ್ಕಿಗಳು ಬೆಟ್ಟದ ಕಾಡುಗಳಲ್ಲಿ ಮರಿಮಾಡಿ, ಚಳಿ ಬಂದಾಗ ತಗ್ಗಿನ ಊರುಗಳಿಗೆ ಇಳಿದು, ಮತ್ತೆ ಮೇಲೇರುತ್ತಿದ್ದವು. 20ನೇ ಶತಮಾನ ಮುಂದುವರಿದಂತೆ ಸಿಡ್ನಿ, ಕ್ಯಾನ್‌ಬೆರಾಗಳಲ್ಲಿ ಹಲವು ಅಲ್ಲೇ ಉಳಿದು ಗೂಡು ಕಟ್ಟತೊಡಗಿದವು. ಉಳಿಸಿಕೊಂಡವರು ನಾವೇ, ಅಂದರೆ ಮನುಷ್ಯರು. ಬೇಲಿಗೆಂದು ಪ್ರಿವೆಟ್, ನೆರಳಿಗೆಂದು ಕರ್ಪೂರದ ಮರ, ಅಂದಕ್ಕೆಂದು ಕೊಟೋನಿಯಾಸ್ಟರ್ ನೆಟ್ಟರು. ಎಲ್ಲವೂ ಹೊರಗಿನಿಂದ ತಂದವು, ಆಹಾರದ ಅಭಾವದ ತಿಂಗಳುಗಳಲ್ಲೇ ಹಣ್ಣು ಕೊಡುವಂಥವು. ಹಣ್ಣು ನುಂಗಿದ ಕರವಾಂಗ್ ಆಮೇಲೆ ಕುತ್ತಿಗೆ ಚಾಚಿ, ಬಾಯಿ ಅಗಲಿಸಿ, ಬೀಜ ಮತ್ತು ಸಿಪ್ಪೆಯ ಉಂಡೆಯೊಂದನ್ನು ಕಕ್ಕುತ್ತದೆ. ಉಂಡೆ ಬಿದ್ದಲ್ಲಿ ಬೀಜ ಮೊಳೆಯುತ್ತದೆ. ಮುಂದಿನ ಚಳಿಗಾಲಗಳ ಊಟವನ್ನು ಅದೇ ಬಿತ್ತಿಕೊಳ್ಳುತ್ತದೆ! ಜೊತೆಗೆ ನಾಯಿಯ ಬಟ್ಟಲಿದೆ, ಪ್ರೀತಿಯಿಂದ ಎಸೆದ ಮಾಂಸದ ಚೂರಿದೆ. ಹಸಿವಿನಲ್ಲಿ ಕರಗಬೇಕಿದ್ದ ಸಂಖ್ಯೆ ಕರಗದೆ ವಸಂತಕ್ಕೆ ದಾಟುತ್ತದೆ. ಆಗ ಸ್ವಂತ ಮರಿಗಳಿಗೆ ಮಾಂಸ ಬೇಕು, ಪಕ್ಕದ ಪೊದೆಯಲ್ಲಿ ಸಣ್ಣ ಹಕ್ಕಿಗಳ ಗೂಡಿದೆ.

ಕಾರಣ ಏನೇ ಇರಲಿ, ಹಕ್ಕಿಯನ್ನೇ ತೆಗೆದರೆ ಲಾಭವಿದೆಯಲ್ಲ ಎನ್ನಬಹುದು. ಆರ್ಮಿಡೇಲ್ ಬಳಿಯ ಕಾಡಿನ ತುಣುಕಿನಲ್ಲಿ ಕರವಾಂಗ್‌ಗಳನ್ನು ತೆಗೆದಾಗ ರಾಬಿನ್‌ಗಳ ಗೂಡುಗಳು ಹೆಚ್ಚು ಉಳಿದದ್ದು ನಿಜ. ಅದು ತುಣುಕು ಕಾಡು ಎಂಬುದನ್ನು ಮರೆಯಬಾರದು. ಅಂಚುಗಳೇ ಹೆಚ್ಚಿರುವ ಅಂಥ ಕಡೆ ಗೂಡು ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಊಟ ಹಾಗೇ ಇರುವಾಗ ತೆಗೆದ ಜಾಗಕ್ಕೆ ಬೇರೆಯವು ಬಾರದಿರಲು ಕಾರಣವೂ ಇಲ್ಲ. ದೊಡ್ಡ ನೀಲಗಿರಿ ಜಾತಿಯ ಕಾಡುಗಳಲ್ಲಿ ಇದೇ ಹಕ್ಕಿ ಎಲೆ ಬೋಳಿಸುವ ಕಡ್ಡಿಹುಳಗಳನ್ನು ತಿನ್ನುತ್ತದೆ. ಅಷ್ಟೇ ಅಲ್ಲ, ಗೂಡು ದೋಚುವ ಇದಕ್ಕೂ ಮೋಸವಾಗುತ್ತದೆ: ಚಾನೆಲ್-ಬಿಲ್ಡ್ ಕೋಗಿಲೆ ಉತ್ತರದಿಂದ ಬಂದು ಇದರ ಗೂಡಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಹಿತ್ತಿಲ ಫೋಟೊ ಎಂಥ ಪುರಾವೆ ಎಂದು ಕೇಳುವವರಿಗೂ ಉತ್ತರವಿದೆ. ಒಂದು ಫೋಟೊ ಏನನ್ನೂ ಸಾಧಿಸದು. ಮರಿ ಕದಿಯುವ ಗಳಿಗೆ ರೋಚಕ, ಆದ್ದರಿಂದ ಅದನ್ನೇ ತೆಗೆಯುತ್ತೇವೆ, ಅದನ್ನೇ ಹಂಚುತ್ತೇವೆ. ಪ್ರಿವೆಟ್ ಹಣ್ಣು ನುಂಗುವುದು ನೀರಸ. ಈ ವಾಲಿಕೆ ಸರಿಹೋಗುವುದು ನೀರಸ ಚಿತ್ರಗಳೂ ಕೂಡಿದಾಗಲೇ.

ಆದ್ದರಿಂದ ಅಲ್ಲಿ ನೆಲೆಸಿದ ಕನ್ನಡಿಗರೂ ಸೇರಿ ಕ್ಯಾಮೆರಾ ಹಿಡಿದವರೆಲ್ಲರಲ್ಲಿ ಒಂದು ಕೋರಿಕೆ: ಅಲ್ಲಿನ ಚಳಿಗಾಲವಾದ ಜೂನ್, ಜುಲೈಯಲ್ಲೂ ಫೋಟೊ ತೆಗೆಯಿರಿ, ದಿನಾಂಕದ ಜೊತೆಗೆ ಹಣ್ಣಿನ ಗಿಡದ ಹೆಸರನ್ನೂ ಬರೆದಿಡಿ. ವಸಂತದಲ್ಲಿ ಚಿತ್ರಕ್ಕಾಗಿ ಸಣ್ಣ ಹಕ್ಕಿಯ ಗೂಡಿನ ಮುಂದಿನ ಎಲೆ ಸರಿಸಬೇಡಿ. ನೀವು ತೆರೆದ ಕಿಂಡಿ ಕರವಾಂಗ್‌ಗೂ ಕಾಣುತ್ತದೆ.