ಮಗುವಿನ ಕಣ್ಣಲ್ಲಿ ಏಟು

ಮಗುವಿಗೆ ಕೊಡುವ ಏಟನ್ನು ದೊಡ್ಡವರು ಉದ್ದೇಶದಿಂದ ಅಳೆಯುತ್ತಾರೆ: ತಿದ್ದಲೆಂದು ಹೊಡೆದದ್ದು, ಆದ್ದರಿಂದ ಶಿಸ್ತು. ಮಗುವಿಗೆ ಆ ಉದ್ದೇಶ ಕಾಣುವುದಿಲ್ಲ. ಮೈಯ ನೋವು, ನಾಲ್ಕು ಜನರೆದುರಿನ ಅವಮಾನ, ಮತ್ತೆ ಯಾವಾಗ ಕೈ ಎತ್ತುತ್ತಾರೋ ಎಂಬ ಹೆದರಿಕೆ ಮಾತ್ರ ಗೊತ್ತಾಗುತ್ತದೆ. ಹಂಗಿಸುವ ಮಾತು, ಅಮ್ಮನಿಗೆ ಬೀಳುವ ಹೊಡೆತವನ್ನು ನೋಡುವುದು, ಇವೂ ಮಗುವಿನ ಪಾಲಿಗೆ ಹಿಂಸೆಯೇ. ಹೊಡೆಯುವವರು ಹತ್ತಿರದವರೇ ಆದಾಗ ಎಷ್ಟೋ ಮಕ್ಕಳು ತಪ್ಪು ತಮ್ಮದೇ ಎಂದು ನಂಬಿ ಸುಮ್ಮನಾಗುತ್ತಾರೆ. ಆ ಮೌನವನ್ನು ದೊಡ್ಡವರು ವಿಧೇಯತೆ ಎಂದುಕೊಳ್ಳುವುದು ಬಹಳ ನೋವಿನ ಸಂಗತಿ.

ಮಗು ಅನುಭವಿಸುವ ಈ ಎರಡೂ ಬಗೆಯ ನೋವನ್ನು ಕಾನೂನು ಗುರುತಿಸಿದೆ. ಭಾರತ 1992ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿ ದೈಹಿಕ, ಮಾನಸಿಕ ಹಿಂಸೆ ಎರಡನ್ನೂ ಹೆಸರಿಸುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಗಳಲ್ಲಿ ಎರಡನ್ನೂ ನಿಷೇಧಿಸಿದೆ. ಇಂಥ ಹಿಂಸೆ ಎದುರಾದಾಗ ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಉಚಿತವಾಗಿ ಕರೆ ಮಾಡಬಹುದು.