ಮಗು ಬಚ್ಚಲಿಗೆ ಬರಲೊಲ್ಲದು!

ಬೆಳಗಿನ ಎಂಟು ಗಂಟೆ. ಹಂಡೆಯ ನೀರು ಹದವಾಗಿ ಕಾದಿದೆ. ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಬಾ ಮಗ, ನೀರು ಹುಯ್ಕೊಳ್ಳುವಂತೆ" ಎಂದು ಕೂಗುತ್ತಾಳೆ. ಅಷ್ಟೇ ಸಾಕು. ಒಂದು ನಿಮಿಷದ ಹಿಂದೆ ಅಂಗಳದಲ್ಲಿ ಮಣ್ಣು ಕಲಸಿ ಇಡ್ಲಿ ಬೇಯಿಸುತ್ತಿದ್ದ ಎರಡು ವರ್ಷದ ಪುಟ್ಟರಾಯನು ಮಾಯ! ಭತ್ತದ ಮೂಟೆಗಳ ಸಂದಿಯಿಂದ ಅವನನ್ನು ಹಿಡಿದು ತಂದುದಾಯಿತು. ಮುಂದಿನದು ಕೇರಿಗೆಲ್ಲ ಕೇಳಿಸುವಂತಹ ರಂಪ. ಒಬ್ಬರು ರಟ್ಟೆ ಹಿಡಿಯುವವರು, ಇನ್ನೊಬ್ಬರು ನೀರೆರೆಯುವವರು; ಕೊನೆಗೆ ಮಗುವಿನ ಮುಖ ಕೆಂಪು, ತಾಯಿಯ ಕಣ್ಣು ತೇವ, ಅಜ್ಜಿಯ ಸೀರೆ ಒದ್ದೆ.

ಕೃಷ್ಣರಾಜಪೇಟೆಯಿರಲಿ, ನಾಗಮಂಗಲವಿರಲಿ, ಪಾಂಡವಪುರ ಶ್ರೀರಂಗಪಟ್ಟಣಗಳ ಹಳ್ಳಿಗಳಿರಲಿ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಈ ನಾಟಕವು ಒಂದಲ್ಲ ಒಂದು ಕಾಲದಲ್ಲಿ ನಡೆದೇ ನಡೆಯುತ್ತದೆ. ಇದು ನೀರಿನ ಸೀಮೆಯಲ್ಲವೆ! ಶ್ರೀರಂಗಪಟ್ಟಣವನ್ನು ಕಾವೇರಿ ಎರಡು ತೋಳುಗಳಿಂದ ಅಪ್ಪಿಕೊಂಡಿದ್ದಾಳೆ. ಕೃಷ್ಣರಾಜಪೇಟೆಯ ಸೀಮೆಯಲ್ಲಿ ಹೇಮಾವತಿ ಹರಿಯುತ್ತಾಳೆ. ಪಾಂಡವಪುರಕ್ಕೆ ತೊಣ್ಣೂರಿನ ವಿಶಾಲವಾದ ಕೆರೆಯುಂಟು, ಮೇಲುಕೋಟೆಯ ಕಲ್ಯಾಣಿಯುಂಟು. ನಾಗಮಂಗಲದ ಬಯಲುಸೀಮೆಗೆ ಅಂತಹ ದೊಡ್ಡ ನದಿಯ ಭಾಗ್ಯವಿಲ್ಲದಿದ್ದರೂ ಅಲ್ಲಿನವರಿಗೆ ಒಂದೊಂದು ಕೊಡ ನೀರಿನ ಬೆಲೆಯೂ ಗೊತ್ತು. ಇಂತಹ ನಾಡಿನ ಕೂಸು ಒಂದು ಚೆಂಬು ನೀರಿಗೆ ಏಕೆ ಅಂಜಬೇಕು?

ಹಟವಲ್ಲ, ಅಂಜಿಕೆ

ಇದನ್ನು ನಾವು ಹಟವೆಂದು ಕರೆದುಬಿಡುತ್ತೇವೆ. ಎಡವುವುದು ಅಲ್ಲಿಯೇ. ಒಂದೂವರೆ ವರ್ಷದಿಂದ ಮೂರು ವರ್ಷದವರೆಗಿನ ಮಗುವಿಗೆ ತನಗಾದ ಭಯವನ್ನು ಬಣ್ಣಿಸಲು ಮಾತಿಲ್ಲ, ಇರುವುದೊಂದೇ ಮಾತು, "ಬ್ಯಾಡ!" ಆ ಒಂದು ಮಾತಿನ ಹಿಂದೆ ಅಡಗಿರುವ ಕಾರಣವನ್ನು ಹುಡುಕುವುದು ಹಿರಿಯರ ಕೆಲಸ.

ನಮ್ಮ ಮನೆಗಳ ಪದ್ಧತಿಯನ್ನೇ ನೋಡಿ. ಹುಟ್ಟಿದ ಕೂಸನ್ನು ನೀಡಿದ ಕಾಲುಗಳ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರೆರೆಯುತ್ತೇವೆ. ಅದಕ್ಕೆ ಆಗ ಹಿರಿಯಳ ಕಾಲುಗಳೇ ತೊಟ್ಟಿಲು. ಅದು ನಡೆಯಲು ಕಲಿತೊಡನೆಯೇ ಬಚ್ಚಲಿನ ತಣ್ಣನೆಯ ಕಲ್ಲಿನ ಮೇಲೆ ನಿಲ್ಲಿಸಿ ತಲೆಯ ಮೇಲಿಂದ ನೀರು ಸುರಿಯುತ್ತೇವೆ. ಕೆಳಗೆ ಜಾರುವ ನೆಲ, ಮೇಲಿನಿಂದ ಕಣ್ಣು ಮೂಗುಗಳನ್ನು ಮುಚ್ಚುವ ಧಾರೆ, ಹಿಡಿದುಕೊಳ್ಳಲು ಏನೂ ಇಲ್ಲ. ನಮಗೆ ಅದು ಒಂದು ಚೆಂಬು ನೀರು. ಎರಡಡಿ ಎತ್ತರದ ಜೀವಕ್ಕೆ ಅದೇ ಜೋಗದ ಧುಮುಕು.

ಇತರ ಕಾರಣಗಳೂ ಉಂಟು. ಎಂದೋ ಒಂದು ದಿನ ಕಣ್ಣಿಗೆ ಸಾಬೂನೋ ಸೀಗೆಪುಡಿಯೋ ಹೊಕ್ಕಿರಬಹುದು. ನೀರು ಬಿಸಿ ಹೆಚ್ಚಾಗಿ ಮೈ ಚುರುಕ್ಕೆಂದಿರಬಹುದು. ಬಚ್ಚಲಿನ ಕತ್ತಲೆ, ಒಲೆಯ ಹೊಗೆ, ಗೀಸರಿನ ಸದ್ದು, ನೀರನ್ನು ಗಟಗಟನೆ ನುಂಗುವ ಗಿಂಡಿ ಇವೆಲ್ಲ ಮಗುವನ್ನು ಹೆದರಿಸಬಲ್ಲವು. ನೀರಿನೊಡನೆ ತಾನೂ ಆ ಗಿಂಡಿಯೊಳಗೆ ಹರಿದುಹೋದೇನೆಂದು ಅದು ನಿಜವಾಗಿಯೂ ನಂಬುತ್ತದೆ. ಕೆಲವೊಮ್ಮೆ ಭಯವೇನೂ ಇರುವುದಿಲ್ಲ. ಸೊಗಸಾದ ಆಟದ ನಡುವಿನಿಂದ ಎಳೆದು ತಂದುದಕ್ಕೆ ಕೋಪ, ಅಷ್ಟೆ. ಸುಖವಾಗಿ ಸ್ನಾನಮಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಚೀರತೊಡಗಿದರೆ ಮಾತ್ರ ಮೈಯನ್ನು ಚೆನ್ನಾಗಿ ನೋಡಬೇಕು. ಬೆವರುಸಾಲೆ, ಕಜ್ಜಿ, ತೊಡೆಸಂದಿನ ಉರಿ, ಕಿವಿನೋವು ಇವುಗಳಲ್ಲಿ ಯಾವುದಾದರೂ ಇದ್ದರೆ ಅದಕ್ಕೆ ಬೇಕಾದದ್ದು ಗದರಿಕೆಯಲ್ಲ, ವೈದ್ಯರು.

ಕೊಳವೆಬಾವಿಯ ನೀರನ್ನು ನೆಚ್ಚಿಕೊಂಡ ಊರುಗಳಲ್ಲಿ ಇನ್ನೊಂದು ತೊಡಕು. ನೀರು ಗಡಸಾಗಿದ್ದರೆ ಸಾಬೂನು ನೊರೆ ಬಿಡುವುದಿಲ್ಲ. ನೊರೆ ಬರಲಿಲ್ಲವೆಂದು ತಾಯಿ ಇನ್ನಷ್ಟು ತಿಕ್ಕುತ್ತಾಳೆ. ಅದು ಚರ್ಮಕ್ಕೆ ಅಂಟಿಕೊಂಡು ಮೈ ಒಣಗುತ್ತದೆ, ಕೆರೆತ ಆರಂಭವಾಗುತ್ತದೆ. ಇಂತಹ ಕಡೆ ಕೈಕಾಲು, ಕಂಕುಳು, ತೊಡೆಸಂದುಗಳಿಗೆ ಮಾತ್ರ ಸೌಮ್ಯವಾದ ಸಾಬೂನನ್ನು ಸ್ವಲ್ಪ ಸವರಿ ಚೆನ್ನಾಗಿ ತೊಳೆದರೆ ಸಾಕು. ಮೈ ಒರೆಸಿದ ಮೇಲೆ, ಹಸಿ ಆರುವ ಮುನ್ನವೇ, ತೆಳುವಾಗಿ ಕೊಬ್ಬರಿ ಎಣ್ಣೆ ಸವರುವುದು ಒಳ್ಳೆಯದು.

ಸ್ನೇಹದ ದಾರಿ

ಹೆದರಿದ ಮಗುವನ್ನು ಬಲವಂತದಿಂದ ಗೆಲ್ಲಬಹುದು. ಆದರೆ ಆ ಗೆಲುವು ಒಂದು ದಿನದ್ದು. ಮರುದಿನ ಅದರ ಭಯ ಇಮ್ಮಡಿಯಾಗಿರುತ್ತದೆ. ಆದುದರಿಂದ ಎರಡು ಮೂರು ದಿನ ಸ್ನಾನದ ಮಾತನ್ನೇ ಬಿಟ್ಟು, ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿ. ಇದರಿಂದ ಮಗುವಿನ ಆರೋಗ್ಯಕ್ಕೆ ಯಾವ ಕುಂದೂ ಬರುವುದಿಲ್ಲ.

ಬಳಿಕ ನೀರನ್ನು ಬಚ್ಚಲಿನಿಂದ ಹೊರಗೆ ತನ್ನಿ. ಬಿಸಿಲು ಬೀಳುವ ಅಂಗಳದಲ್ಲಿ ಅಗಲವಾದ ಒಂದು ಬೋಗುಣಿ, ಅದರಲ್ಲಿ ನಾಲ್ಕು ಬೆರಳು ಉಗುರುಬೆಚ್ಚನೆಯ ನೀರು, ಒಂದು ಚಿಕ್ಕ ಲೋಟ, ತೇಲುವ ನಾಲ್ಕು ಎಲೆ. ಮೊದಲ ದಿನ ಕೈಯಾಡಿಸಲಿ. ಮರುದಿನ ಪಾದಗಳನ್ನು ಇಳಿಬಿಡಲಿ. ಆಮೇಲೆ ಕುಳಿತುಕೊಳ್ಳಲಿ. ಬೋಗುಣಿಯನ್ನು ದಿನಕ್ಕೊಂದಿಷ್ಟು ಬಚ್ಚಲಿನ ಕಡೆಗೆ ಸರಿಸುತ್ತ ಹೋಗಿ. ನೀವು ಮಾತ್ರ ಅದರ ಪಕ್ಕದಿಂದ ಕದಲಕೂಡದು. ನೀರಿಗೆ ಕೊರತೆಯಿರುವ ನಾಗಮಂಗಲದ ಕಡೆಯೂ ಈ ಆಟ ದುಬಾರಿಯದಲ್ಲ. ಅದೇ ನೀರನ್ನು ಕೊನೆಗೆ ಕರಿಬೇವಿನ ಗಿಡಕ್ಕೆ ಹಾಕಿದರಾಯಿತು. ಗಿಡಕ್ಕೆ ಸ್ನಾನಮಾಡಿಸುವ ಕೆಲಸವನ್ನು ಮಗುವಿಗೇ ಒಪ್ಪಿಸಿ, ಅದರ ಉತ್ಸಾಹವನ್ನು ನೋಡಿ!

ಬಚ್ಚಲಿಗೆ ಬಂದ ಮೇಲೆ ನೀವು ನಿಂತುಕೊಳ್ಳಬೇಡಿ. ನೀವೂ ಒಂದು ಮಣೆಯ ಮೇಲೆ ಕುಳಿತು, ಮಗುವಿನ ಕಣ್ಣಿಗೆ ಕಣ್ಣು ಸಮವಾಗಿರಲಿ. ನೆಲ ಜಾರದಂತೆ ಒಂದು ಗೋಣಿತಟ್ಟನ್ನೋ ರಬ್ಬರ್ ಚಾಪೆಯನ್ನೋ ಹಾಸಿ. ನೀರನ್ನು ಪಾದದಿಂದ ಆರಂಭಿಸಿ ಮೊಣಕಾಲು, ಬೆನ್ನು, ಹೆಗಲು ಎಂದು ಮೇಲಕ್ಕೆ ತನ್ನಿ. ಮಗುವಿನ ಕೈಗೂ ಒಂದು ಚೆಂಬು ಕೊಡಿ; ತನ್ನ ಹೊಟ್ಟೆಯ ಮೇಲೆ ತಾನೇ ಹುಯ್ದುಕೊಂಡ ನೀರು ಯಾವ ಮಗುವನ್ನೂ ಹೆದರಿಸುವುದಿಲ್ಲ. "ಸ್ನಾನ ಮಾಡುತ್ತೀಯಾ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. "ಕೆಂಪು ಚೆಂಬೋ, ಹಿತ್ತಾಳೆ ಚೆಂಬೋ?" ಎಂದು ಕೇಳಿ ನೋಡಿ. ಆರಿಸುವ ಅಧಿಕಾರ ಸಿಕ್ಕಿದೊಡನೆ ಪುಟ್ಟರಾಯನು ಜಗಳವನ್ನು ಮರೆಯುತ್ತಾನೆ.

ತಲೆಗೆ ಎರೆಯುವುದೇ ಎಲ್ಲಕ್ಕಿಂತ ಕಠಿಣವಾದದ್ದು. ಅದನ್ನು ದಿನವೂ ಮಾಡಬೇಕಾಗಿಲ್ಲ. ವಾರಕ್ಕೆ ಎರಡು ಸಲ ಸಾಕು. ಮಗುವಿನ ಗಲ್ಲವನ್ನು ಮೆಲ್ಲನೆ ಎತ್ತಿ, "ಮೇಲೆ ಹಲ್ಲಿ ಎಲ್ಲಿದೆ ನೋಡು" ಎನ್ನಿ. ಕನ್ನಂಬಾಡಿಯ ಕಟ್ಟೆ ಕಾವೇರಿಯನ್ನು ತಡೆದು ನಿಲ್ಲಿಸಿದಂತೆ ನಿಮ್ಮ ಎಡಗೈಯನ್ನು ಅದರ ಹಣೆಗೆ ಅಡ್ಡವಾಗಿಟ್ಟು, ನೀರನ್ನು ಹಿಂದಕ್ಕೆ ಮಾತ್ರ ಹರಿಯಬಿಡಿ. ಕಣ್ಣೊರೆಸಿಕೊಳ್ಳಲು ಅದರ ಕೈಯಲ್ಲಿ ಒಂದು ಒಣಬಟ್ಟೆಯಿರಲಿ. "ಐದು ಚೆಂಬು" ಎಂದು ಮೊದಲೇ ಹೇಳಿ, ಗಟ್ಟಿಯಾಗಿ ಎಣಿಸಿ, ಐದಕ್ಕೆ ನಿಲ್ಲಿಸಿಬಿಡಿ. ಕೂದಲಿನಲ್ಲಿ ಸ್ವಲ್ಪ ನೊರೆ ಉಳಿದಂತೆ ಕಂಡರೆ ಒದ್ದೆಬಟ್ಟೆಯಿಂದ ಒರೆಸಿ. ಆರನೆಯ ಚೆಂಬನ್ನು ಮಾತ್ರ ಎತ್ತಬೇಡಿ. ಅಮ್ಮನ ಮಾತು ಮಾತೇ ಎಂಬ ನಂಬಿಕೆ ಒಮ್ಮೆ ಬೇರೂರಿತೆಂದರೆ ನಾಳೆಯ ಸ್ನಾನ ಅರ್ಧ ಮುಗಿದಂತೆಯೇ.

ದೀಪಾವಳಿಯ ನೀರು ತುಂಬುವ ಹಬ್ಬವನ್ನು ನೆನೆದುಕೊಳ್ಳಿ. ಅಂದು ಬಚ್ಚಲನ್ನು ತೊಳೆದು, ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಹೂವಿಟ್ಟು ಪೂಜಿಸುತ್ತೇವೆ. ಬಚ್ಚಲನ್ನು ಒಂದು ಸಂತೋಷದ ಸ್ಥಾನವಾಗಿ ಮಾಡುವ ವಿದ್ಯೆ ನಮ್ಮ ಹಿರಿಯರಿಗೆ ಗೊತ್ತಿತ್ತು. ಆ ದಿನ ಪಟ್ಟೆ ಬಳಿಯಲು ಮಗುವಿನ ಬೆರಳನ್ನೂ ಸೇರಿಸಿಕೊಳ್ಳಿ. ಉಳಿದ ದಿನಗಳಲ್ಲಿ ಬಚ್ಚಲಿಗೊಂದು ಒಳ್ಳೆಯ ದೀಪ, ಒಂದು ಹಾಡು, ಸ್ನಾನವಾದೊಡನೆ ಸುತ್ತಿಕೊಳ್ಳಲು ಬೆಚ್ಚನೆಯ ಟವಲು ಇದ್ದರೆ ಸಾಕು.

ಹಿರಿಯರೊಡನೆ ಒಂದು ಮಾತು

ಅಜ್ಜಿಯರ ಎಣ್ಣೆ ನೀರಿನ ಪದ್ಧತಿಯನ್ನು ಹಳೆಯದೆಂದು ತಳ್ಳಿಹಾಕಬೇಕಾಗಿಲ್ಲ. ಮೃದುವಾದ ಕೈಯ ಎಣ್ಣೆಯೊತ್ತು ಮಗುವಿಗೆ ಹಿತ. ಆದರೆ ಮೂಗು ಕಿವಿಗಳಿಗೆ ಎಣ್ಣೆ ಬಿಡುವುದು, ಮೂಗಿನೊಳಕ್ಕೆ ಊದುವುದು, ಸಾಂಬ್ರಾಣಿಯ ದಟ್ಟ ಹೊಗೆಯಲ್ಲಿ ಹಿಡಿಯುವುದು ಇವನ್ನು ಕೈಬಿಡಬೇಕು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಲ್ಲದೆಂಬುದು ವೈದ್ಯರ ಅನುಭವ. "ಅತ್ತೆಮ್ಮ, ಕಿವಿಗೆ ಎಣ್ಣೆ ಬ್ಯಾಡವಂತೆ, ಡಾಕ್ಟರು ಹೇಳವ್ರೆ, ಮೈಗೆ ನೀವೇ ಹಚ್ಚಿ, ನಿಮ್ಮ ಕೈ ಅಂದ್ರೆ ಮಗೂಗೆ ಆಸೆ" ಎಂದು ಸೊಸೆ ಹೇಳಿದರೆ ಯಾವ ಅತ್ತೆ ಮುನಿದಾಳು? ಇನ್ನು ಮಗುವನ್ನು ಸ್ನಾನ ಮಾಡಿಸುವುದು ಹೆಂಗಸರ ಪಾಲಿನ ಕೆಲಸವೆಂದು ತಂದೆ ಪತ್ರಿಕೆ ಹಿಡಿದು ಕೂರುವ ಕಾಲವೂ ಕಳೆಯಿತು. ಅಮ್ಮನಿಗೆ ಮಣಿಯದ ಮಗು ಅಪ್ಪನ ಕೈಯಲ್ಲಿ ನಗುನಗುತ್ತ ಮಿಂದು ಬರುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು.

ಎಚ್ಚರವೆಂಬ ಕಾವಲು

ಸ್ನೇಹ ಬೆಳೆದಷ್ಟೂ ಎಚ್ಚರವೂ ಬೆಳೆಯಬೇಕು. ಬೋಗುಣಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬೆರೆಸಿ, ಮೊಣಕೈಯಿಂದ ಮುಟ್ಟಿ ನೋಡಿ. ಮೈಯ ಬಿಸಿಯಷ್ಟು, ಎಂದರೆ 37 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿದ್ದರೆ ಅದೇ ಹದ. ಕುದಿಯುವ ಹಂಡೆಯ ಬಳಿ, ಬಕೆಟ್ಟಿನಲ್ಲಿ ಇಳಿಬಿಟ್ಟ ವಿದ್ಯುತ್ ಕಾಯಿಲಿನ ಬಳಿ ಮಗು ಸುಳಿಯಕೂಡದು. ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲಿನೊಳಗೆ ಇಡಲೇಬಾರದು. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಕನಿಕರವೂ ಇಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ನೀರಿರುವ ಕಡೆ ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆಯ ಭಾರ ಹೆಚ್ಚು. ಬಕೆಟ್ಟಿನೊಳಗೆ ಬಗ್ಗಿದ ಮಗು ತಲೆಕೆಳಗಾಗಿ ಬಿದ್ದರೆ ಮೇಲೇಳಲಾರದು, ಕೂಗಲೂ ಆರದು. ಎರಡು ಮೂರು ಅಂಗುಲ ನೀರೂ ಪ್ರಾಣಕ್ಕೆ ಎರವಾಗಬಲ್ಲದು. ಬಾಗಿಲಿನ ಗಂಟೆಯೋ ಫೋನೋ ಕರೆದರೆ ಮಗುವನ್ನು ಎತ್ತಿಕೊಂಡೇ ಹೋಗಿ. ಸ್ನಾನ ಮುಗಿದೊಡನೆ ಬಕೆಟ್ಟನ್ನು ಬರಿದುಮಾಡಿ ಬೋರಲು ಹಾಕಿ. ನೀರನ್ನು ಶೇಖರಿಸಿಡಲೇಬೇಕಾದ ಮನೆಗಳಲ್ಲಿ ಡ್ರಮ್ಮಿಗೂ ತೊಟ್ಟಿಗೂ ಭದ್ರವಾದ ಮುಚ್ಚಳವಿರಲಿ. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ಮುಳುಗುವ ಅಪಾಯ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತ ಬಂದಿದೆ. 2021ರಲ್ಲಿ ವಿಶ್ವಸಂಸ್ಥೆಯು ಜುಲೈ 25ನೆಯ ತಾರೀಖನ್ನು ಮುಳುಗುವಿಕೆಯನ್ನು ತಡೆಯುವ ದಿನವೆಂದು ಸಾರಿದ್ದೂ ಇಂತಹ ಸಾವುಗಳನ್ನು ತಪ್ಪಿಸುವುದಕ್ಕಾಗಿಯೇ.

ಈ ಮಾತು ನಮ್ಮ ಸೀಮೆಗೆ ಇನ್ನಷ್ಟು ಸಲ್ಲುತ್ತದೆ. ಹಿಂದೆ ಇರ್ವಿನ್ ನಾಲೆಯೆನಿಸಿ ಈಗ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಕಾಲುವೆ ಎಷ್ಟೋ ಹಳ್ಳಿಗಳ ಮಗ್ಗುಲಲ್ಲೇ ಹರಿಯುತ್ತದೆ. ಇಂದು ಬಚ್ಚಲಿನಲ್ಲಿ ಅಳುವ ಕೂಸು ನಾಳೆ ಆ ಏರಿಯ ಮೇಲೆ ಶಾಲೆಗೆ ನಡೆಯುತ್ತದೆ, ಹೊಳೆಯ ಮೆಟ್ಟಿಲಿನಲ್ಲಿ ಗೆಳೆಯರೊಡನೆ ನಿಲ್ಲುತ್ತದೆ. ಅಂದು ಅದನ್ನು ಕಾಯುವುದು ನೀರಿನ ಭಯವಲ್ಲ. ಭಯಪಟ್ಟವನು ಕಾಲು ಜಾರಿದರೆ ಕೈಕಾಲು ಕಟ್ಟಿದವನಂತಾಗುತ್ತಾನೆ. ನೀರಿನ ಗುಣವನ್ನು ಅರಿತ ಎಚ್ಚರವೂ, ಮುಂದೆ ದೊಡ್ಡವರ ಕಾವಲಿನಲ್ಲಿ ಕಲಿಯುವ ಈಜೂ, "ಇಲ್ಲಿಗೆ ಸಾಕು" ಎಂದು ಹಿರಿಯರು ಹೇಳಿದಾಗ ಅದನ್ನು ನಂಬುವ ಮನಸ್ಸೂ ಅದನ್ನು ಕಾಯುತ್ತವೆ. ಆ ನಂಬಿಕೆಯ ಮೊದಲ ಪಾಠ ನಡೆಯುವುದು ಬಚ್ಚಲಿನಲ್ಲಿ, ಐದಕ್ಕೆ ನಿಂತ ಆ ಚೆಂಬಿನಿಂದ.

ಆದುದರಿಂದ ನಾಳೆ ಬೆಳಿಗ್ಗೆ ಪುಟ್ಟರಾಯನು ಮೂಟೆಗಳ ಸಂದಿಯಲ್ಲಿ ಅಡಗಿದಾಗ ರಟ್ಟೆ ಹಿಡಿದು ಎಳೆಯಬೇಡಿ. ಪಕ್ಕದಲ್ಲಿ ಕುಳಿತು, ಇಡ್ಲಿ ಬೆಂದಿತೇ ಎಂದು ವಿಚಾರಿಸಿ. ಬೆಂದ ಮೇಲೆ ಕೈತೊಳೆಯಬೇಕಲ್ಲವೆ? ಬೋಗುಣಿಯ ನೀರು ಅಂಗಳದಲ್ಲೇ ಇದೆ.